ಸ್ವಂತ ಅಂಗಡಿಲಿ ನಮಗೆ ನಾವೇ ಸಂಬಳ: ಪ್ರೊಪ್ರೈಟರ್, ಪಾರ್ಟ್ನರ್‌ಶಿಪ್, ಕಂಪನಿ ಯಾವ್ದು ಲಾಭ?

ಶಿರಸಿ ಪೇಟೇಲಿ ಜೇನು, ಏಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಮಾರೋ ಅಂಗಡಿ ಅಂತಿಟ್ಕೊಳ್ಳಿ, ಮಾಲೀಕ್ರೂ ನೀವೇ ದುಡಿಯೋದೂ ನೀವೇ. ಪ್ರೊಪ್ರೈಟರ್ ಆಗಿದ್ರೆ ತಿಂಗಳಿಗೆ 40,000 ಸಂಬಳ ಅಂತ ಬರ್ಕೊಂಡ್ರೂ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಅದು ಖರ್ಚಿಗೆ ಬರಲ್ಲ, ಕಾನೂನಿಗೆ ನೀವೂ ಅಂಗಡೀನೂ ಒಂದೇ, ಎಡಗೈಯಿಂದ ಬಲಗೈಗೆ ಕೊಟ್ಟ ಹಾಗೆ. ಆದ್ರೆ ವಹಿವಾಟು 2 ಕೋಟಿ ಒಳಗಿದ್ರೆ ಯುಪಿಐ, ಬ್ಯಾಂಕಲ್ಲಿ ಬಂದಿದ್ದಕ್ಕೆ 6%, ನಗದಿಗೆ 8% ಲಾಭ ಅಂತ ತೋರ್ಸಿ ಕೈತೊಳ್ಕೋಬಹುದು, ಆಮೇಲೆ ಬಾಡಿಗೆ ಕರೆಂಟು ಅಂತ ಬೇರೆ ಕಳಿಯೋ ಹಾಗಿಲ್ಲ ಅಷ್ಟೇ. ಅಡಿಕೆ ದಲಾಲಿ ಮಾಡೋರಿಗೆ ಇದಿಲ್ಲ ನೋಡಿ, ಕಮಿಷನ್ ಆದಾಯ ಇದ್ರಿಂದ ಹೊರಗೆ.

ಪ್ರೈವೇಟ್ ಲಿಮಿಟೆಡ್ ಮಾಡಿದ್ರೆ ಕಂಪನಿ ಬೇರೆ ನೀವು ಬೇರೆ, ಡೈರೆಕ್ಟರ್ ಸಂಬಳ ಕಂಪನಿಗೆ ಖರ್ಚು, ನಿಮಗೆ ಹೊಸ ಟ್ಯಾಕ್ಸ್ ಪದ್ಧತೀಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದ್ರೆ ಸಂಬಳದಲ್ಲಿ ಅಷ್ಟು ಕಳ್ದು ಉಳಿದಿದ್ದಕ್ಕೆ ಟ್ಯಾಕ್ಸ್ ಲೆಕ್ಕ. ಕೇಳೋಕೆ ಚಂದ! ಆದ್ರೆ ವ್ಯಾಪಾರ ಎಷ್ಟೇ ಸಣ್ಣದಿರ್ಲಿ ವರ್ಷಾ ವರ್ಷಾ ಆಡಿಟ್ ಆಗ್ಲೇಬೇಕು, ಡೈರೆಕ್ಟರ್ ಇಬ್ರಾದ್ರೂ ಬೇಕು, ಉಳಿದ ಲಾಭ ಡಿವಿಡೆಂಡ್ (ಷೇರುದಾರರ ಪಾಲು) ಅಂತ ತಗೊಂಡ್ರೆ ಅದಕ್ಕೆ ಮತ್ತೆ ಟ್ಯಾಕ್ಸು.

ಪಾರ್ಟ್ನರ್‌ಶಿಪ್ ನಡುದಾರಿ. ದುಡಿಯೋ ಪಾಲುದಾರರ ಸಂಬಳನ ಖರ್ಚು ಅಂತ ತೋರ್ಸೋಕೆ ಮಿತಿ ಇದೆ: ಮೊದಲ 6 ಲಕ್ಷ ಲಾಭದ ಮೇಲೆ 90% ಅಥವಾ 3 ಲಕ್ಷ, ಯಾವ್ದು ಜಾಸ್ತಿನೋ ಅದು, ಆಮೇಲಿಂದಕ್ಕೆ 60%. ಸಂಬಳದ ವಿಷ್ಯ ಪಾಲುದಾರಿಕೆ ಪತ್ರದಲ್ಲಿ ಬರ್ದಿರ್ಲೇಬೇಕು.

ನನ್ ಕೇಳಿದ್ರೆ, 2025-26ರ ಲೆಕ್ಕದಲ್ಲಿ ಹೊಸ ಪದ್ಧತೀಲಿ 12 ಲಕ್ಷದ ತನಕ ರಿಬೇಟ್ (ಟ್ಯಾಕ್ಸ್ ಮಾಫಿ) ಸಿಕ್ಕಿ ಟ್ಯಾಕ್ಸೇ ಇಲ್ಲ, ಲಾಭ ಅದ್ರೊಳಗೇ ಇದ್ದೋರು ಡಿಡಕ್ಷನ್ ಆಸೆಗೆ ಕಂಪನಿ ಮಾಡಿದ್ರೆ ಆಡಿಟರ್ ಫೀಸೇ ದಂಡ.