ಮನೆಯೊಳಗೆ ಇಡುವುದಾದರೆ ದುಂಡು ಮಲ್ಲಿಗೆಯೇ ಸರಿ

ಮೊದಲೇ ಹೇಳಿಬಿಡುತ್ತೇನೆ. ಹಾಸನದಲ್ಲಿ ಬಾಲ್ಕನಿ ಇಲ್ಲದ ಬಾಡಿಗೆ ಮನೆಯಲ್ಲಿದ್ದೀರಿ, ಆದರೂ ಮಲ್ಲಿಗೆ ಬೇಕು ಅನ್ನಿಸಿದರೆ ಮಾಮೂಲಿ ದುಂಡು ಮಲ್ಲಿಗೆ ತನ್ನಿ. ನನಗೆ ಅದು 60 ರೂಪಾಯಿಗೆ ಸಿಕ್ಕಿತು. ಏಳು ಸುತ್ತಿನ ಮಲ್ಲಿಗೆಗೆ 350 ಕೊಟ್ಟೆ. ಎರಡು ಬೇಸಿಗೆ ಕಾದರೂ ಕಂಡದ್ದು ಹನ್ನೊಂದೇ ಹೂ.

ಎರಡೂ ಗಿಡ ಹಾಲ್‌ನ ಪೂರ್ವದ ಕಿಟಕಿಯ ಹತ್ತಿರವೇ ಇದ್ದವು. ಅಲ್ಲಿ ಬೆಳಿಗ್ಗೆ ನಾಲ್ಕು ಗಂಟೆ ಬಿಸಿಲು ಬರುತ್ತದೆ. ಮಲ್ಲಿಗೆಗೆ ಐದಾರು ಗಂಟೆಯಾದರೂ ಬೇಕು, ಅಂದರೆ ಕಮ್ಮಿಯೇ. ದುಂಡು ಮಲ್ಲಿಗೆ ಅಷ್ಟರಲ್ಲೇ ಹೊಂದಿಕೊಂಡಿತು. ಮಾರ್ಚ್ ಕೊನೆಯಿಂದ ಜೂನ್ ಮಳೆ ಹಿಡಿಯುವವರೆಗೆ ದಿನಾ ಏಳೆಂಟು ಹೂ. ಸಂಜೆ ಮೊಗ್ಗು ಬಿರಿಯುವ ಹೊತ್ತಿಗೆ ಇಡೀ ಹಾಲ್ ಘಮ್ಮೆನ್ನುತ್ತದೆ.

ಏಳು ಸುತ್ತಿನದ್ದು ನೋಡಲು ಪುಟ್ಟ ಗುಲಾಬಿಯ ಹಾಗೆ. ಅದಕ್ಕೇ ಮರುಳಾಗಿದ್ದೆ. ಆದರೆ ಮೊಗ್ಗು ಕಡಲೆಕಾಳಿನಷ್ಟು ದಪ್ಪ ಆಗುತ್ತಿತ್ತು, ಆಮೇಲೆ ತೊಟ್ಟಿನ ಕಡೆಯಿಂದ ಕಂದು ತಿರುಗಿ ಉದುರುತ್ತಿತ್ತು. ಬೆಳಿಗ್ಗೆ ಕಸ ಗುಡಿಸುವಾಗ ನೆಲದ ಮೇಲೆ ಐದಾರು ಮೊಗ್ಗು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ನೀರು ಸಾಲದು ಅಂದುಕೊಂಡು ಇನ್ನೂ ಜಾಸ್ತಿ ಹಾಕಿದೆ. ಎಲೆಯೂ ಹಳದಿಯಾಯಿತು. ಮನೆ ಮಾಲೀಕರು ನೆಲ ಕಲೆಯಾಗಬಾರದು ಎಂದಿದ್ದರು, ಹಾಗಾಗಿ ಕುಂಡದ ಕೆಳಗೆ ತಟ್ಟೆ ಇಟ್ಟಿದ್ದೆ. ಒಂದು ದಿನ ಕುಂಡ ಎತ್ತಿದರೆ ತಟ್ಟೆಯಲ್ಲಿ ಎರಡು ಬೆರಳು ನೀರು, ಕೊಳೆತ ವಾಸನೆ! ಬೇರು ದಿನಗಟ್ಟಲೆ ನೀರಿನಲ್ಲೇ ಇತ್ತು. ಪಿಂಗಾಣಿ ಕುಂಡ ಬೇರೆ, ತೇವ ಆರುವುದಕ್ಕೆ ದಾರಿಯೇ ಇಲ್ಲ. ದುಂಡು ಮಲ್ಲಿಗೆ ಮಣ್ಣಿನ ಕುಂಡದಲ್ಲಿತ್ತು, ಅದರ ಗೋಡೆಯಿಂದಲೇ ನೀರು ಆರುತ್ತದೆ. ಅದು ಉಳಿದದ್ದು ಅದರಿಂದಲೇ.

ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಮಣ್ಣಿಗೆ, ಮಣ್ಣಿನ ಕುಂಡಕ್ಕೇ ಅದನ್ನೂ ಬದಲಾಯಿಸಿದೆ. ತಟ್ಟೆಯಲ್ಲಿ ಮೂರು ಇಟ್ಟಿಗೆ ಚೂರು ಇಟ್ಟು ಅದರ ಮೇಲೆ ಕುಂಡ. ಮೇಲಿನ ಒಂದಂಗುಲ ಮಣ್ಣು ಒಣಗಿದ ಮೇಲೆ ಮಾತ್ರ ನೀರು. ಗಿಡ ಚೇತರಿಸಿಕೊಂಡಿತು, ಮೊಗ್ಗು ಉದುರುವುದೂ ಕಮ್ಮಿಯಾಯಿತು. ಎರಡನೇ ಬೇಸಿಗೆಯಲ್ಲಿ ಅರಳಿದ್ದು ಆ ಹನ್ನೊಂದು. ಅಷ್ಟು ಎಸಳಿನ ಮೊಗ್ಗು ಬಲಿಯಲು ನಮ್ಮ ಕಿಟಕಿಯ ಬಿಸಿಲು ಸಾಲುವುದಿಲ್ಲ, ಅಷ್ಟೇ.

ಕಾಕಡವನ್ನೂ ಒಂದು ವರ್ಷ ಸಾಕಿದೆ. ಚಳಿಯಲ್ಲೂ ಹೂ ಬಿಡುತ್ತದೆ, ಪರಿಮಳ ಮಾತ್ರ ಇಲ್ಲವೆನ್ನುವಷ್ಟು ಕಮ್ಮಿ. ನನಗೆ ಬೇಡ.

ಗೊಬ್ಬರದ ಖರ್ಚು ಎರಡಕ್ಕೂ ಒಂದೇ: ತಿಂಗಳಿಗೊಮ್ಮೆ ಒಂದು ಹಿಡಿ ಹಳೇ ಸಗಣಿ ಗೊಬ್ಬರ. ಯೂರಿಯಾ ಹಾಕಬೇಡಿ, ಸುಮ್ನೆ ಎಲೆ ಬೆಳೆಯುತ್ತದೆ.

ಕತ್ತರಿ ಹಾಕುವುದರಲ್ಲೂ ದುಂಡು ಮಲ್ಲಿಗೆಯೇ ಮೇಲು. ಮೊದಲ ವರ್ಷ ನನಗೆ ಕೈ ಬರಲಿಲ್ಲ. ಅತ್ತೆ ಅರಸೀಕೆರೆಯಿಂದ ಬಂದವರು, "ಕತ್ತರಿಸದೆ ಹೂ ಎಲ್ಲಿಂದ ಬರುತ್ತಮ್ಮಾ?" ಎಂದು ನವೆಂಬರ್ ಕೊನೆಗೆ ಎರಡೂ ಗಿಡವನ್ನು ಅರ್ಧಕ್ಕೆ ಇಳಿಸಿದರು. ಮಲ್ಲಿಗೆ ಮೊಗ್ಗು ಕೂರುವುದೇ ಹೊಸ ಚಿಗುರಿನ ತುದಿಯಲ್ಲಿ. ಚಿಗುರು ಎಷ್ಟೋ ಹೂ ಅಷ್ಟು, ಅಲ್ವಾ? ಹಾಸನದ ಚಳಿಗೆ ಎರಡು ತಿಂಗಳು ಎರಡೂ ಗಿಡ ಸುಮ್ಮನಿದ್ದವು. ಫೆಬ್ರವರಿಯಲ್ಲಿ ದುಂಡು ಮಲ್ಲಿಗೆ ಸುತ್ತಲೂ ಚಿಗುರಿತು. ಏಳು ಸುತ್ತಿನದು ಮೂರೇ ಕೊಂಬೆ ಹೊಡೆಯಿತು.

ನನಗೆ ದಿನಾ ದೇವರ ಪಟಕ್ಕೆ ನಾಲ್ಕು, ಮಗಳ ಜಡೆಗೆ ನಾಲ್ಕು ಹೂ ಬೇಕು. ಅಷ್ಟನ್ನು ಕೊಡುವುದು 60 ರೂಪಾಯಿಯ ಗಿಡ. ಏಳು ಸುತ್ತಿನದನ್ನು ಈ ವರ್ಷ ಅತ್ತೆಯ ಅಂಗಳಕ್ಕೆ ಕಳಿಸಿದೆ. ಅಲ್ಲಿ ದಿನವಿಡೀ ಬಿಸಿಲು. ಮೇ ತಿಂಗಳಲ್ಲಿ ಹೋದಾಗ ಒಂದೇ ಬೆಳಿಗ್ಗೆ ಒಂಬತ್ತು ಹೂ ಬಿಡಿಸಿದೆ.