ಪ್ಯಾನಿಕ್ ಅಟ್ಯಾಕ್‌ಗೆ ಮಾತ್ರೆನಾ, ಥೆರಪಿನಾ: ಎರಡೂ ಮಾಡಿ ನೋಡಿದವನ ಲೆಕ್ಕ

ಮೊದಲ ಸಲ ಬಂದಾಗ ಬೆಂಗಳೂರು ಮೆಟ್ರೋದ ಪರ್ಪಲ್ ಲೈನಲ್ಲಿದ್ದೆ. ವಿಜಯನಗರದಲ್ಲಿ ಹತ್ತಿ ಇಂದಿರಾನಗರಕ್ಕೆ ಹೋಗೋದು ದಿನಾ ಇದ್ದಿದ್ದೇ, ಅವತ್ತು ಮಾಗಡಿ ರೋಡ್ ದಾಟಿ ಟ್ರೈನ್ ನೆಲದೊಳಗೆ ಇಳೀತು ನೋಡಿ, ಎದೆ ಡಬಡಬ, ಬೆರಳೆಲ್ಲ ಜುಮ್ಮು, ಕಿವಿ ಗುಂಯ್, ಮುಗೀತು ನನ್ ಕಥೆ ಅಂತ ಮೆಜೆಸ್ಟಿಕ್‌ನಲ್ಲಿ ಇಳಿದು ಪ್ಲಾಟ್‌ಫಾರ್ಮ್ ಮೇಲೇ ಕೂತುಬಿಟ್ಟೆ. ಇಸಿಜಿ, ಎಕೋ, ಟಿಎಂಟಿ, ಥೈರಾಯ್ಡ್ ಎಲ್ಲಾ ಆಯ್ತು, ಎಲ್ಲಾ ನಾರ್ಮಲ್. ಗ್ಯಾಸ್ಟ್ರಿಕ್ ಇರ್ಬೇಕು ಅಂತ ಪ್ಯಾಂಟೊಪ್ರಜೋಲ್ ಬರೆದುಕೊಟ್ರು, ನಮ್ಮೂರಲ್ಲಿ ಗೊತ್ತಾಗ್ದೇ ಇರೋ ಕಾಯಿಲೆಗೆಲ್ಲ ಅದೇ ಹೆಸರು ತಾನೆ. ಸೈಕಿಯಾಟ್ರಿಸ್ಟ್ ಹತ್ರ ಹೋಗೋಕೆ ಇನ್ನೂ ಎರಡು ತಿಂಗಳು ಹಿಡೀತು, ಚಿಕ್ಕೋರಿದ್ದಾಗಿಂದ "ನಿಮ್ಹಾನ್ಸ್‌ಗೆ ಸೇರಿಸ್ತೀನಿ ನೋಡು" ಅಂತ ಬೈಸ್ಕೊಂಡು ಬೆಳೆದೋರಿಗೆ ಅಷ್ಟು ಸುಲಭಕ್ಕೆ ಕಾಲು ಬರಲ್ಲ.

ಪ್ಯಾನಿಕ್ ಡಿಸಾರ್ಡರ್ ಅಂದ್ರು. ದಿನಾ ತಗೊಳ್ಳೋಕೆ ಎಸಿಟಲೋಪ್ರಾಮ್ ಅನ್ನೋ ಮಾತ್ರೆ 5 ಎಂಜಿ, ವಾರ ಆದ್ಮೇಲೆ 10, ಜೊತೆಗೆ ತೀರಾ ಆದ್ರೆ ಮಾತ್ರ ಅಂತ ಗಾಬರಿ ಇಳಿಸೋ ಕ್ಲೋನಾಜೆಪಾಮ್ 0.25, ಅದೇ ಎಸ್‌ಓಎಸ್. ನಾಲ್ಕು ತಿಂಗಳ ನಂತರ ಥೆರಪಿ ಶುರು ಮಾಡಿದೆ. ಫ್ರೆಂಡ್ಸ್ ಎಲ್ಲ ಕೇಳೋದು ಒಂದೇ, ಯಾವುದು ಕೆಲಸ ಮಾಡ್ತು ಅಂತ.

ಎಸಿಟಲೋಪ್ರಾಮ್ ಬಗ್ಗೆ ಮೊದಲು. ಮೊದಲ ಹತ್ತು ದಿನ ಸುಳ್ಳು ಹೇಳಲ್ಲ, ನರಕ. ವಾಕರಿಕೆ, ನಿದ್ದೆ ಇಲ್ಲ, ಗಾಬರಿ ಕಮ್ಮಿ ಆಗೋ ಬದ್ಲು ಜಾಸ್ತಿ ಆಯ್ತು, ಹೀಗಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ರಿಂದ ಬಿಡ್ಲಿಲ್ಲ ಅಷ್ಟೇ. ನಾಲ್ಕನೇ ವಾರಕ್ಕೆ ಯಾರೋ ಟಿವಿ ಸೌಂಡ್ ಕಮ್ಮಿ ಮಾಡಿದಂಗಾಯ್ತು. ಅಟ್ಯಾಕ್ ವಾರಕ್ಕೆ ಎರಡು ಇದ್ದಿದ್ದು ತಿಂಗಳಿಗೊಂದಕ್ಕೆ ಬಂತು. ಕಳ್ಕೊಂಡಿದ್ದೂ ಇದೆ, ಮಲಗೋ ಕೋಣೆ ವಿಷ್ಯ ತಣ್ಣಗಾಯ್ತು, ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ನಾನೂ ಡಾಕ್ಟರಿಗೆ ಹೇಳಿದ್ದು ಆರು ತಿಂಗಳಾದ್ಮೇಲೆ. ಇನ್ನೊಂದು, ದೀಪಾವಳಿಗೆ ಊರಿಗೆ ಹೋದಾಗ ಮಾತ್ರೆ ಶೀಟ್ ಮರೆತು ಹೋದೆ. ಮೂರನೇ ದಿನ ಕಣ್ಣು ಪಕ್ಕಕ್ಕೆ ತಿರುಗಿಸಿದ್ರೆ ಸಾಕು ತಲೆಯೊಳಗೆ ಕರೆಂಟ್ ಹೊಡ್ದಂಗೆ ಚಿಟ್ ಅನ್ನೋದು. ಚಟ ಹತ್ತೋ ಮಾತ್ರೆ ಅಲ್ಲ ಇದು, ಆದ್ರೆ ದಿಢೀರ್ ಅಂತ ಬಿಟ್ರೆ ಮೈ ಮುನಿಸ್ಕೊಳ್ಳುತ್ತೆ.

ಕ್ಲೋನಾಜೆಪಾಮ್ ಕಥೆನೇ ಬೇರೆ. ಅದು ನನ್ನ ತಾಯಿತ ಆಗಿತ್ತು. ಪರ್ಸಿನ ಒಳಗಿನ ಜಿಪ್‌ನಲ್ಲಿ ಎರಡು, ಲ್ಯಾಪ್‌ಟಾಪ್ ಬ್ಯಾಗಲ್ಲಿ ಎರಡು. ಪರ್ಸ್ ಮರೆತಿದ್ದು ಹೊಸಹಳ್ಳಿ ಸ್ಟೇಷನ್‌ನಲ್ಲಿ ನೆನಪಾಗಿ ಇಳಿದು ವಾಪಸ್ ಮನೆಗೆ ಹೋಗಿದ್ದೂ ಉಂಟು, ದುಡ್ಡಿಗಲ್ಲ, ಮಾತ್ರೆಗೆ.

ಥೆರಪಿಗೆ ಬಂದ್ರೆ, ಮೊದಲು ಹೋದವರು ನನಗೆ ಸರಿಹೋಗ್ಲಿಲ್ಲ, ಪೂರ್ತಿ ಇಂಗ್ಲಿಷು. "ಹೌ ಡಸ್ ದಟ್ ಮೇಕ್ ಯು ಫೀಲ್" ಅಂದ್ರೆ ನಾನು "ಆಂಕ್ಷಿಯಸ್" ಅಂತಿದ್ದೆ, ಮಾತು ಅಲ್ಲಿಗೆ ನಿಲ್ತಿತ್ತು. ಆರು ಸೆಷನ್ ಹಾಗೇ ಹೋಯ್ತು. ಎರಡನೆಯವರು ಕನ್ನಡದವರು, ಆರ್‌ಸಿಐ, ಅಂದ್ರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ ರಿಜಿಸ್ಟ್ರೇಷನ್ ಇರೋ ಕ್ಲಿನಿಕಲ್ ಸೈಕಾಲಜಿಸ್ಟ್ (ಇದನ್ನ ನೋಡ್ಕೊಂಡೇ ಹೋಗಿ, ಕೌನ್ಸೆಲರ್ ಅಂತ ಬೋರ್ಡ್ ಯಾರು ಬೇಕಾದ್ರೂ ಹಾಕ್ತಾರೆ). ಅವರ ಹತ್ರ "ಎದೆ ಝಲ್ ಅಂತು, ಜೀವ ಬಾಯಿಗೆ ಬಂತು" ಅಂದೆ, ಅವರು "ಝಲ್ ಅಂದಿದ್ದು ಮೊದಲಾ, ಸಾಯ್ತೀನಿ ಅನ್ನಿಸಿದ್ದು ಮೊದಲಾ" ಅಂತ ಕೇಳಿದ್ರು. ಅಲ್ಲಿಂದ ಕೆಲಸ ಶುರು. ಅವರು ಮಾಡಿಸಿದ್ದು ಸಿಬಿಟಿ, ಯೋಚನೆ ನಡವಳಿಕೆ ಎರಡನ್ನೂ ಬದಲಾಯಿಸೋ ಥೆರಪಿ. ಬರೀ ಮಾತು ಅನ್ಕೊಂಡಿದ್ದೆ, ಇವರು ಅಟ್ಯಾಕಲ್ಲಿ ಆಗೋದನ್ನೇ ಬೇಕಂತ ತರಿಸೋಕೆ ಮೂಗು ಮುಚ್ಚಿಸಿ ಎಳನೀರು ಸ್ಟ್ರಾದಲ್ಲಿ ಉಸಿರಾಡ್ಸೋರು, ಆಫೀಸ್ ಚೇರ್ ಮೇಲೆ ಕೂರಿಸಿ ಒಂದು ನಿಮಿಷ ಗಿರ್ರಂತ ತಿರುಗ್ಸೋರು, ಬೇಕಂತಲೇ ಜೋರಾಗಿ ಉಸಿರಾಡ್ಸಿ ಬೆರಳು ಜುಮ್ಮೆನ್ನಿಸೋರು. ಜೋರಾಗಿ ಉಸಿರಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗಿ ಜುಮ್ಮು ಬರುತ್ತೆ, ಹಾರ್ಟಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ನೂರು ಸಲ ಓದಿದ್ದೆ, ಚೇರ್ ಮೇಲೆ ಕೂತು ನಾನೇ ತರಿಸ್ಕೊಂಡ ದಿನ ನಂಬಿದೆ. (ಭಾವ ಹೇಳಿಕೊಟ್ಟ ಕಪಾಲಭಾತಿ ಮಾಡಿದಾಗೆಲ್ಲ ಗಾಬರಿ ಯಾಕೆ ಜಾಸ್ತಿ ಆಗ್ತಿತ್ತು ಅಂತಲೂ ಅವತ್ತೇ ಗೊತ್ತಾಗಿದ್ದು.)

ಆಮೇಲೆ ಹೋಮ್‌ವರ್ಕ್, ಹೆದರಿಕೆ ಆಗೋ ಸುರಂಗಕ್ಕೇ ಸ್ವಲ್ಪ ಸ್ವಲ್ಪವಾಗಿ ಹೋಗೋದು. ಎಂಜಿ ರೋಡ್‌ನಿಂದ ಕಬ್ಬನ್ ಪಾರ್ಕ್, ಒಂದೇ ಸ್ಟೇಷನ್, ಹತ್ತೋದು ಇಳಿಯೋದು ವಾಪಸ್ ಬರೋದು. ಮುಂದಿನ ವಾರ ವಿಧಾನಸೌಧದ ತನಕ. ಸೆಕ್ಯುರಿಟಿಯವ್ರು ಎರಡು ಸಲ ಗುರಾಯಿಸಿದ್ರು.

ನನಗೆ ನಿಜವಾಗ್ಲೂ ತಲೆ ತಿರುಗಿದ್ದು ಎಂಟನೇ ಸೆಷನ್‌ನಲ್ಲಿ. ಕ್ಲೋನಾಜೆಪಾಮ್ ಇಲ್ದೇ ಆಗಲ್ಲ ಮೇಡಂ, ಮೆಜೆಸ್ಟಿಕ್‌ನಲ್ಲಿ ನುಂಗಿದ್ರೆ ಎಂಜಿ ರೋಡ್ ಬರೋಷ್ಟರಲ್ಲಿ ಸರಿಹೋಗುತ್ತೆ ಅಂದೆ. ಪೇಪರ್ ಪೆನ್ ಕೊಟ್ಟು, ಎಷ್ಟು ನಿಮಿಷದ ದಾರಿ ಬರೀರಿ ಅಂದ್ರು. ನಾಲ್ಕು ಸ್ಟೇಷನ್, ಹತ್ತು ನಿಮಿಷದೊಳಗೆ. ನುಂಗಿದ ಮಾತ್ರೆ ರಕ್ತಕ್ಕೆ ಸೇರಿ ಕೆಲಸ ಶುರು ಮಾಡೋಕೆ ಇಪ್ಪತ್ತು ನಿಮಿಷದಿಂದ ಒಂದು ಗಂಟೆ ಬೇಕಂತೆ. ಪ್ಯಾನಿಕ್ ಏರೋದು ಹತ್ತು ನಿಮಿಷದ ಆಸುಪಾಸು, ಆಮೇಲೆ ತಾನಾಗೇ ಇಳಿಯುತ್ತೆ. ಅಂದ್ರೆ ಅಷ್ಟು ದಿನ ಇಳೀತಿದ್ದಿದ್ದು ನಾನೇ, ಕ್ರೆಡಿಟ್ ಹೋಗ್ತಿದ್ದಿದ್ದು ಹೊಟ್ಟೆಲಿ ಇನ್ನೂ ಕರಗದೇ ಇರೋ ಮಾತ್ರೆಗೆ!

ಆ ಪೇಪರ್ ಆದ್ಮೇಲೆ ನನ್ನ ಹೋಲಿಕೆನೇ ಬದಲಾಯ್ತು. ಎಸಿಟಲೋಪ್ರಾಮ್ ಅಟ್ಯಾಕ್ ಬರೋದನ್ನ ಕಮ್ಮಿ ಮಾಡ್ತು, ಥೆರಪಿ ಬಂದ್ರೆ ಬರ್ಲಿ ಅನ್ನೋ ಹಾಗೆ ಮಾಡ್ತು, ಕ್ಲೋನಾಜೆಪಾಮ್ ಎರಡೂ ಮಾಡ್ಲಿಲ್ಲ, ಹೆದರಿಕೆನ ಪರ್ಸಲ್ಲಿ ಇಟ್ಕೊಂಡು ತಿರುಗೋ ಹಾಗೆ ಮಾಡ್ತು. ಹಾಗಂತ ಮಾತ್ರೆ ವೇಸ್ಟ್ ಅನ್ನೋರ ಗುಂಪಿಗೆ ನಾನು ಸೇರಲ್ಲ. ಮೊದಲ ತಿಂಗಳು ನನಗೆ ಮನೆ ಗೇಟ್ ದಾಟೋಕೆ ಆಗ್ತಿರ್ಲಿಲ್ಲ, ಆವಾಗ ಚೇರ್ ತಿರುಗಿಸಿ ಅಂದಿದ್ರೆ ಎದ್ದು ಓಡ್ತಿದ್ದೆ. 2000ದಲ್ಲಿ ಅಮೆರಿಕದ ಸೈಕಾಲಜಿಸ್ಟ್ ಡೇವಿಡ್ ಬಾರ್ಲೋ ತಂಡದವರು 312 ಜನ ಪ್ಯಾನಿಕ್ ಪೇಷೆಂಟ್‌ಗಳ ಮೇಲೆ ಮಾಡಿದ ಅಧ್ಯಯನ ಓದಿದೆ, ಇಮಿಪ್ರಮಿನ್ ಅನ್ನೋ ಹಳೇ ಮಾತ್ರೆ ಒಂದು ಕಡೆ, ಸಿಬಿಟಿ ಒಂದು ಕಡೆ, ಎರಡೂ ಸೇರಿಸಿ ಇನ್ನೊಂದು ಕಡೆ. ಎರಡೂ ಕೆಲಸ ಮಾಡಿದ್ವು, ಆದ್ರೆ ಎಲ್ಲಾ ನಿಲ್ಲಿಸಿ 6 ತಿಂಗಳಾದ್ಮೇಲೆ ನೋಡಿದ್ರೆ ಬರೀ ಸಿಬಿಟಿ ಮಾಡಿದವರು ಎರಡೂ ಸೇರಿಸಿ ತಗೊಂಡವರಿಗಿಂತ ಚೆನ್ನಾಗಿ ನಿಂತಿದ್ರಂತೆ. ನಾನು ಎರಡೂ ಸೇರಿಸಿ ತಗೊಂಡವನು, ಓದಿ ಖುಷಿಯಾಗ್ಲಿಲ್ಲ.

ದುಡ್ಡು ಹೇಳ್ಲೇಬೇಕು. ನನಗೆ ಥೆರಪಿ 50 ನಿಮಿಷಕ್ಕೆ 1,500, ಒಟ್ಟು ಹದಿನಾಲ್ಕು ಸೆಷನ್, ಜೊತೆಗೆ ಮೊದಲಿನ ಆರು ದಂಡ. ಮಾತ್ರೆ ಜನೌಷಧಿಯಲ್ಲಿ ತಗೊಂಡ್ರೆ ಒಂದು ತಿಂಗಳ ಖರ್ಚು ಎರಡು ಮಸಾಲೆ ದೋಸೆ ದಾಟಲ್ಲ. ಇಷ್ಟು ವ್ಯತ್ಯಾಸ ಇಟ್ಕೊಂಡು ಯಾವುದು ಬೆಸ್ಟ್ ಅಂತ ವಾದ ಮಾಡೋದು ಸಂಬಳ ಇರೋರ ಆಟ. ಇಲ್ದಿದ್ರೆ ನಿಮ್ಹಾನ್ಸ್ ಓಪಿಡಿ ಇದೆ, ಬೆಳಿಗ್ಗೆ ಬೇಗ ಹೋಗಿ ಕ್ಯೂ ನಿಲ್ಲೋ ತಾಳ್ಮೆ ಬೇಕು. ಫೋನಲ್ಲಾದ್ರೂ ಮಾತಾಡ್ಬೇಕು ಅಂದ್ರೆ ಸರ್ಕಾರದ ಹೆಲ್ಪ್‌ಲೈನ್ ಟೆಲಿ ಮಾನಸ್ 14416, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ.

ಈಗ ಡಾಕ್ಟರ್ ಹೇಳಿದ ಹಾಗೆ ಎಸಿಟಲೋಪ್ರಾಮ್ 10ರಿಂದ 5ಕ್ಕೆ ಇಳಿಸಿದ್ದೀನಿ, ಎರಡು ತಿಂಗಳಾಯ್ತು. ಥೆರಪಿಸ್ಟ್ ಹತ್ರ ಮೂರು ತಿಂಗಳಿಗೊಂದ್ಸಲ. ಮೊನ್ನೆ ಸೆಂಟ್ರಲ್ ಕಾಲೇಜ್ ಹತ್ರ ಸುರಂಗದಲ್ಲಿ ಟ್ರೈನ್ ನಿಂತುಬಿಡ್ತು, ಎದೆ ಹೊಡ್ಕೊಳ್ಳೋಕೆ ಶುರು, ವಾಚ್ ನೋಡ್ಕೊಂಡೆ, ಎಂಟು ನಿಮಿಷಕ್ಕೆ ಇಳೀತು. ಆಫೀಸಿಗೆ ಲೇಟಾಯ್ತು, ಅದು ಮೆಟ್ರೋದಿಂದ.