ಸೊಸೈಟಿ ಬೆಳೆಸಾಲ: ಕಣಗಿನಹಾಳದಲ್ಲಿ ಶುರುವಾದ ಸೇವೆ ಈಗ ಹೇಗಿದೆ?

ಗದಗ ತಾಲ್ಲೂಕಿನ ಕಣಗಿನಹಾಳ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಸಹಕಾರ ಪತ್ತಿನ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಂಘ ಕಟ್ಟಿದರು. ಏಷ್ಯಾದ ಮೊದಲ ಕೃಷಿ ಪತ್ತಿನ ಸಂಘವೆಂಬ ಹೆಗ್ಗಳಿಕೆ ಅದರದು.

ಆ ಕಾಯ್ದೆಯ ಷರತ್ತುಗಳು ಬಿಗಿ. ಹತ್ತು ಜನ ಸೇರಿದರೆ ಸಂಘ. ಹಳ್ಳಿಯ ಸಂಘವಾದರೆ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ರೈತರೇ ಇರಬೇಕು. ಲಾಭ ಹಂಚಿಕೆಗಲ್ಲ, ಮೀಸಲು ನಿಧಿಗೆ. ಹೊಣೆ ಅಪರಿಮಿತ, ಅಂದರೆ ಸಂಘ ಮುಳುಗಿದರೆ ಸದಸ್ಯರ ಹೊಲಮನೆಗೂ ಕುತ್ತು. ಹಾಗಾಗಿ ಸಾಲ ಕೇಳಿದವನ ಎತ್ತೆಷ್ಟು, ಹೊಲವೆಷ್ಟು ಎಂದು ನೆರೆಯವರೇ ಅಳೆಯಬೇಕಿತ್ತು. ಯಾವ ಕಾಗದಪತ್ರಕ್ಕೂ ಇಲ್ಲದ ಬಲ ಅದಕ್ಕಿತ್ತು ಎನ್ನಲೇಬೇಕು. ಸಾಲವಲ್ಲದ ಬೇರೆ ಉದ್ದೇಶಕ್ಕೂ ಸಂಘ ಕಟ್ಟಲು ದಾರಿಯಾದದ್ದು 1912ರ ಕಾಯ್ದೆಯಿಂದ.

ಈಗಿನ ಸೇವೆಯ ದೊಡ್ಡ ಆಕರ್ಷಣೆ ಶೂನ್ಯ ಬಡ್ಡಿ. 2023–24ರ ರಾಜ್ಯ ಬಜೆಟ್ಟಿನಲ್ಲಿ ಇದರ ಮಿತಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಆದರೆ 5 ಲಕ್ಷ ಮೇಲ್ಮಿತಿ ಅಷ್ಟೇ. ಕೈಗೆ ಬರುವ ಮೊತ್ತ ಬೆಳೆಗೆ ಎಕರೆವಾರು ಗೊತ್ತುಮಾಡಿದ ದರ ಮತ್ತು ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕು ಸಂಘಕ್ಕೆ ಕೊಡುವ ಹಣದ ಮೇಲೆ ನಿಂತಿದೆ. ಅದರಲ್ಲೂ ಷೇರಿನ ಹಣ ಮುರಿದುಕೊಳ್ಳುವುದುಂಟು, ಮೊದಲೇ ಕೇಳಿಕೊಳ್ಳಿ.

ಪಹಣಿ, ಆಧಾರ್, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಕೈಯಲ್ಲಿರಲಿ. ಅರ್ಜಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಪಹಣಿಯಲ್ಲೇ: ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿರುತ್ತದೆ, ಆಧಾರ್‌ನಲ್ಲಿ ಹೆಸರು ಬೇರೆ ಇರುತ್ತದೆ, ಇಲ್ಲವೇ ಒಂದು ಸರ್ವೆ ನಂಬರು ಫ್ರೂಟ್ಸ್‌ಗೆ ಜೋಡಣೆಯೇ ಆಗಿರುವುದಿಲ್ಲ. ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಬದಲಾವಣೆಗೆ ವಾರಗಳು ಹಿಡಿಯುತ್ತವೆ. ಮುಂಗಾರಿಗೆ ಹೆಸರುಕಾಳು ಬಿತ್ತುವ ಹೊತ್ತಿಗೆ ಓಡಾಡಿದರೆ ಆಗದು, ಬೇಸಿಗೆಯಲ್ಲೇ ಮುಗಿಸಿಡಬೇಕು.

ಸಾಲ ತೀರಿಸುವ ಗಡುವು ದಾಟಿದರೆ ರಿಯಾಯಿತಿ ಹೋಯಿತು, ಬಡ್ಡಿ ಬಿತ್ತು. ಸುಸ್ತಿದಾರನಿಗೆ ಸಂಘದ ಚುನಾವಣೆಯಲ್ಲಿ ಮತವೂ ಇಲ್ಲ.

ಈ ಸೇವೆಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಅಂಕ. ಒಂದೂವರೆ ಕಡಿಮೆಯಾದದ್ದು ನವೀಕರಣದ ಪದ್ಧತಿಗೆ. ಹಳೇ ಸಾಲ ಪೂರ್ತಿ ಕಟ್ಟಿದ ಮೇಲೇ ಹೊಸದು. ಫಸಲು ಇನ್ನೂ ಮಾರದವರು ಆ ನಾಲ್ಕು ದಿನಕ್ಕೆ ಕೈಗಡ ತರುತ್ತಾರೆ, ಅದೂ ಸಾಹುಕಾರನಿಂದಲೇ, ನೂರಕ್ಕೆ ಇಷ್ಟು ಎಂಬ ಬಡ್ಡಿಗೆ.